ರಾಹುಕಾಲಕ್ಕೆ ಮೊದಲು ಒಂದು ದಾಳ

12 ಅಕ್ಟೋಬರ್, ಆದಿತ್ಯವಾರ

ಜಗಲಿಯ ಮೇಜು ಒರೆಸಿದೆ. ನಾಲ್ಕು ಕುರ್ಚಿ ಹಾಕಿದೆ. ಹಾಕಿ ಆದ ಮೇಲೆ ನೆನಪಾಯಿತು — ಇನ್ನು ಯಾರೂ ಬರುವುದಿಲ್ಲ. ಆಟ ಆನ್‌ಲೈನ್. ಶಾಲೆಯ ದೋಸ್ತಿ ಶೆರ್ವಿನ್ ಶಾರ್ಜಾದ ಹೋಟೆಲಿನ ಕೆಲಸಕ್ಕೆ ಸೇರಿ ತಿಂಗಳಾಯಿತು. ಇನ್ನೊಬ್ಬ ದೋಸ್ತಿ ಫೈಝಲ್ ಕಾಟಿಪಳ್ಳದ ಮನೆಯಿಂದಲೇ ಆಡುತ್ತಾನೆ. ತಮ್ಮ ಅಭಿರಾಮ ಮಾತ್ರ ಇಲ್ಲೇ, ಮಹಡಿಯಲ್ಲಿ. ಕುರ್ಚಿಗಳನ್ನು ಪುನಃ ಒಳಗಿಟ್ಟೆ.

ಆರು ವರ್ಷದಿಂದ ಆದಿತ್ಯವಾರ ಎಂದರೆ ಇದೇ. ಅಮ್ಮನಿಗೆ ಇನ್ನೂ ಇದು ಎಂತ ಆಟ ಎಂದು ಅರ್ಥವಾಗಿಲ್ಲ. "ಚೆನ್ನೆಮಣೆಯ ಹಾಗೆಯಾ?" ಎಂದು ಇವತ್ತೂ ಕೇಳಿದಳು. ಅಲ್ಲ. ನಾನು ಕಥೆ ಹೇಳುವವಳು, ಇವರು ಮೂವರು ಕಥೆಯೊಳಗಿನ ಜನ. ಎಂತ ಮಾಡ್ತೇವೆ ಎಂದು ಅವರೇ ಹೇಳಬೇಕು, ಆಗ್ತದಾ ಇಲ್ವಾ ಎಂದು ದಾಳ ಹೇಳ್ತದೆ.

"ಗೆದ್ದದ್ದು ಯಾರು?"

"ಗೆಲ್ಲುವುದು ಅಂತ ಇಲ್ಲ ಅಮ್ಮ."

"ಆರು ವರ್ಷದಿಂದ ಯಾರೂ ಗೆಲ್ಲಲಿಲ್ವಾ," ಎಂದು ಗೊಣಗಿ ಒಳಗೆ ಹೋದಳು.

ಆನ್‌ಲೈನಿನಿಂದ ಒಂದು ಲಾಭ ಉಂಟು. ಆದಿತ್ಯವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಆ ಹೊತ್ತಿಗೆ ಅಭಿರಾಮ ದಾಳ ಮುಟ್ಟುವವನಲ್ಲ. ಅಪ್ಪನ ಜೊತೆ ದೇವಸ್ಥಾನದಲ್ಲಿ ಪೂಜೆ ಮಾಡುವವನು, ಆಟದಲ್ಲಿ ಮಾತ್ರ ಕಳ್ಳ. ಕನ್ನ ಹಾಕಲಿಕ್ಕೂ ಅವನಿಗೆ ಹೊತ್ತು ನೋಡಬೇಕು. ಬಸ್ಸಿನ ಲೆಕ್ಕದಲ್ಲಿ ಎಲ್ಲರೂ ನಾಲ್ಕೂವರೆಗೇ ಬಂದಾಗುತ್ತಿತ್ತು. ಆರರ ತನಕ ಗೋಳಿಬಜೆ, ಚಾ, ಊರ ಪಂಚಾಯಿತಿಕೆ. ಒಂದೂವರೆ ಗಂಟೆ ದಂಡ. ನಾನು ಬೈಯದ ವಾರ ಇಲ್ಲ. ಇನ್ನು ಅದಿಲ್ಲ, ಬರುವ ವಾರದಿಂದ ಆರಕ್ಕೆ ಸರಿಯಾಗಿ ಲಾಗಿನ್.

15 ಅಕ್ಟೋಬರ್, ಬುಧವಾರ

ಹಂಪನಕಟ್ಟೆಯ ಆಫೀಸಿನಲ್ಲಿ ಊಟದ ಹೊತ್ತು. ಯಾವ ಪ್ಲಾಟ್‌ಫಾರ್ಮ್ ಒಳ್ಳೆಯದು ಎಂದು ಓದಿದ್ದೇ ಓದಿದ್ದು. ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ತೆಗಳುತ್ತಾನೆ. ಅಮ್ಮನಿಗೆ ಮಿಕ್ಸಿ ತೆಗೆಯುವಾಗಲೂ ನಾನು ಹೀಗೇ ತಿಂಗಳುಗಟ್ಟಲೆ ಹೋಲಿಸಿದ್ದೆ. ಅಷ್ಟರಲ್ಲಿ ಅಮ್ಮ ಪಕ್ಕದ ಅಂಗಡಿಯಿಂದ ಒಂದು ತಂದು ಚಟ್ನಿ ಕಡೆದಾಗಿತ್ತು.

ಮೂರನ್ನು ಆರಿಸಿದ್ದೇನೆ. ವಾರಕ್ಕೊಂದು ನೋಡುವುದು. ಅವುಗಳ ಇಂಗ್ಲಿಷ್ ಹೆಸರು ನಾಲಿಗೆಯಲ್ಲಿ ನಿಲ್ಲುವುದಿಲ್ಲ, ಬಣ್ಣದ್ದು, ಲೆಕ್ಕದ್ದು, ಮಾತಿನದ್ದು ಎಂದು ನಾನೇ ಇಟ್ಟುಕೊಂಡೆ.

19 ಅಕ್ಟೋಬರ್, ಆದಿತ್ಯವಾರ

ಬಣ್ಣದ್ದು. ನೋಡಲಿಕ್ಕೆ ಚಂದ, ಸುಳ್ಳು ಹೇಳಬಾರದು. ಮ್ಯಾಪಿನಲ್ಲಿ ದೀಪ ಹಿಡಿದವನ ಸುತ್ತ ಮಾತ್ರ ಬೆಳಕು, ಉಳಿದದ್ದು ಕತ್ತಲೆ. ಮೂರು ರಾತ್ರಿ ಕೂತು ಬಂದರು, ಗೋದಾಮು, ದೀಪಸ್ತಂಭ ಎಲ್ಲ ಜೋಡಿಸಿದ್ದೆ.

ಶೆರ್ವಿನ್ ಹತ್ತಿರ ಇರುವುದು ಫೋನ್. ಅದರಲ್ಲಿ ನನ್ನ ಬಂದರು ಅಂಚೆಚೀಟಿಯಷ್ಟು ಕಂಡಿತಂತೆ. ಅವನ ಪಾತ್ರ ಟಂಡೇಲ ಬಸ್ತ್ಯಾಂವ್, ಬೋಟಿನ ಯಜಮಾನ. ಬಾಯಿ ತೆರೆದರೆ ಮುಚ್ಚದ ಜನ, ಪಾತ್ರವೂ, ಆಡುವವನೂ. ಇವತ್ತು "ಹೂಂ", "ಓಕೆ", "ನೀವು ಹೇಳಿದ ಹಾಗೆ" — ಇಷ್ಟೇ. ಮ್ಯಾಪ್ ಕಾಣದಿದ್ದರೆ ಎಂತ ಮಾತಾಡುವುದು ಪಾಪ. ಬಣ್ಣದ್ದು ಬೇಡ.

26 ಅಕ್ಟೋಬರ್, ಆದಿತ್ಯವಾರ

ಲೆಕ್ಕದ್ದು. ಬಟನ್ ಒತ್ತಿದರೆ ದಾಳ ಅದೇ ಹಾಕ್ತದೆ, ಅದೇ ಕೂಡಿಸ್ತದೆ, ಅದೇ ಕಳೆಯುತ್ತದೆ, ಪೆಟ್ಟು ಬಿತ್ತಾ ಇಲ್ವಾ ಅದೇ ಹೇಳ್ತದೆ. ಜಗಲಿಯಲ್ಲಿ ನಾವು ದಾಳ ಹಾಕುವುದು ಅಮ್ಮನ ಹಿತ್ತಾಳೆ ಹರಿವಾಣದಲ್ಲಿ. ಟಣ್ ಟಣ್ ಎಂದು ತಿರುಗಿ ನಿಲ್ಲುವ ತನಕ ಎಲ್ಲರ ತಲೆ ಅದರ ಮೇಲೆ. ಇಲ್ಲಿ ಪರದೆ ಮೇಲೆ ಒಂದು ಅಂಕೆ, ಮುಗಿಯಿತು.

ಬೇಗ ಆಯಿತು ನಿಜ. ಏಳೂಕಾಲಕ್ಕೆ ಎಲ್ಲ ಮುಗಿದು ಒಬ್ಬರ ಮುಖ ಒಬ್ಬರು ನೋಡಿ ಕೂತೆವು. "ಮತ್ತೆ?" ಎಂದ ಫೈಝಲ್. "ಮತ್ತೆಂತ ಇಲ್ಲ," ಎಂದ ಶೆರ್ವಿನ್. ಕಟ್ ಆಯಿತು. ಇದೂ ಬೇಡ.

2 ನವೆಂಬರ್, ಆದಿತ್ಯವಾರ

ಮಾತಿನದ್ದು. ಮ್ಯಾಪ್ ಇಲ್ಲ, ಬಟನ್ ಇಲ್ಲ, ಬರೀ ಸ್ವರ. ಇದು ಸರಿಯಾಗ್ತದೆ ಎಂದು ನನಗೆ ಭಾರಿ ನಂಬಿಕೆ ಇತ್ತು. ಹಿಂದಿನ ಎರಡರಲ್ಲಿ ಹೋಗುತ್ತಿದ್ದ ಕಾಲ್ ಇದರಲ್ಲಿ ಶಾರ್ಜಾಕ್ಕೆ ಹೋಗುವುದೇ ಇಲ್ಲ. ಅಲ್ಲಿ ನೆಟ್ ಕಾಲಿಗೆ ನೂರೆಂಟು ತಡೆ ಎಂದು ಶೆರ್ವಿನ್ ಮೆಸೇಜು ಹಾಕಿದ. ಎಷ್ಟೊಂದು ಓದಿದವಳು ನಾನು, ಅದನ್ನು ಓದಲಿಲ್ಲ. ಕಡೆಗೆ ಫೈಝಲ್ ಆಫೀಸ್ ಮೀಟಿಂಗಿನ ಆ್ಯಪ್ ಒಂದನ್ನು ಹಾಕಿಸಿದ. ಅವನದ್ದು ಮೊಬೈಲ್ ಅಂಗಡಿ, ಗಲ್ಫಿಗೆ ಯಾವುದು ಹೋಗ್ತದೆ ಎಂದು ಅವನಿಗೆ ಗೊತ್ತುಂಟು. ಹೋಯಿತು.

ಅಷ್ಟರಲ್ಲಿ ಗಂಟೆ ಏಳು. ಆಟದಲ್ಲಿ, ನದಿ ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಬೋಟು ಮಗುಚಿತು. ಕಳ್ಳ ಮತ್ತು ಫೈಝಲನ ವೈದ್ಯ ಬಂಡೆ ಹತ್ತಿದರು. ಬಸ್ತ್ಯಾಂವ್ ಮಾತ್ರ ಹಗ್ಗ ಹಿಡಿದು ನೇತಾಡುತ್ತಿದ್ದಾನೆ, ಕೆಳಗೆ ಅಲೆ. ದಾಳ ಹಾಕು ಎಂದೆ. ಶೆರ್ವಿನ್‌ಗೆ ಮ್ಯಾನೇಜರನ ಫೋನ್ ಬಂತು. "ಮುಂದಿನ ವಾರ," ಎಂದು ಹೋದ.

5 ನವೆಂಬರ್, ಬುಧವಾರ

ಶೆರ್ವಿನ್‌ನ ವಾಯ್ಸ್ ಮೆಸೇಜ್. ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಸ್ಮೃತಿ, ಡ್ಯೂಟಿ ಬದಲಾಯ್ತು. ಶನಿವಾರ ನೈಟ್. ಆದಿತ್ಯವಾರ ಮೂರಕ್ಕೆ ಏಳುವುದು, ನಾಲ್ಕೂವರೆಗೆ ವ್ಯಾನ್ ಬರ್ತದೆ. ಇಲ್ಲಿಯ ನಾಲ್ಕೂವರೆ ಅಂದ್ರೆ ನಿಮ್ಮ ಆರು. ಬೇರೆ ದಿನ ಕೇಳಬೇಡ, ಇಲ್ಲವೇ ಇಲ್ಲ. ನೀವು ಮೂವರು ಮುಂದುವರಿಸಿ. ಬಸ್ತ್ಯಾಂವ್‌ನನ್ನು ಮುಳುಗಿಸಿಬಿಡು ಮಾರಾಯ್ತಿ. ನನಗೆ ಬೇಸರ ಇಲ್ಲ."

ಬೇಸರ ಇಲ್ಲವಂತೆ. ನನಗುಂಟು. ಒಂದನೇ ಕ್ಲಾಸಿನಿಂದ ಗೊತ್ತಿರುವವನು. ಆಟ ಬಿಟ್ಟರೆ ಹಬ್ಬಕ್ಕೊಂದು ವಿಶ್, ಬರ್ತ್‌ಡೇಗೊಂದು ಕೇಕಿನ ಚಿತ್ರ, ಅಷ್ಟೇ ಉಳಿಯುವುದು. ಉಳಿದ ದೋಸ್ತಿಗಳೆಲ್ಲ ಹಾಗೆಯೇ ಹೋದದ್ದು, ನೋಡಿದ್ದೇನೆ. ಬಸ್ಸಿನಲ್ಲಿ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ಕಿಟಕಿ ಹಾಕಿದರು, ಧೂಳು ಬಿದ್ದದ್ದು ಎಂದುಕೊಂಡಿರಬೇಕು.

ಮುಳುಗಿಸುವುದಿಲ್ಲ.

9 ನವೆಂಬರ್, ಆದಿತ್ಯವಾರ

ಲೆಕ್ಕ ಹಾಕಿದೆ. ಇಡೀ ವಾರದಲ್ಲಿ ಶೆರ್ವಿನ್‌ಗೆ ಸಿಗುವುದು ನಮ್ಮ ನಾಲ್ಕೂವರೆಯಿಂದ ಆರು. ಸರಿಯಾಗಿ ರಾಹುಕಾಲ. ಅಭಿರಾಮನ ಹತ್ತಿರ ಹೋದೆ.

"ನೀನು ಬೇಕಾದರೆ ಆಡು ಅಕ್ಕ. ನಾನಿಲ್ಲ."

"ಆಟದ ಕಳ್ಳತನಕ್ಕೂ ರಾಹುಕಾಲವಾ?"

"ಕಳ್ಳತನಕ್ಕಲ್ಲ. ಶುರು ಮಾಡುವುದಕ್ಕೆ."

"ಒಂದು ಪ್ಲಾಸ್ಟಿಕ್ ದಾಳಕ್ಕೆ ಎಂತ ಶುರು, ಎಂತ ಮುಗಿತಾಯ?"

"ನಾನು ದಿನಾ ಜನರಿಗೆ ಹೊತ್ತು ನೋಡಿ ಹೇಳುವವನು. ಮನೆಗೆ ಬಂದು ನಾನೇ ಅದನ್ನು ತಮಾಷೆ ಮಾಡಲಿಕ್ಕೆ ಆಗುವುದಿಲ್ಲ," ಎಂದ. ಸಿಟ್ಟಿನಿಂದ ಅಲ್ಲ, ಮೆಲ್ಲಗೆ. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂದದ್ದು. ನಿನ್ನ ಪಂಚಾಂಗಕ್ಕೆ ಬೆಂಕಿ ಬೀಳಲಿ ಎಂದುಬಿಟ್ಟೆ. ಅಮ್ಮ ಒಳಗಿನಿಂದ ಕೇಳಿಸಿಕೊಂಡಳು.

16 ನವೆಂಬರ್, ಆದಿತ್ಯವಾರ

ಅಭ್ಯಾಸಬಲದಿಂದ ಆರಕ್ಕೆ ಲಾಗಿನ್ ಆದೆ. ‘ಇಲ್ಲಿ ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ’ ಎಂದು ಪರದೆ ತೋರಿಸಿತು. ಗೊತ್ತುಂಟು.

23 ನವೆಂಬರ್, ಆದಿತ್ಯವಾರ

ನಾಲ್ಕೂವರೆಗೆ ಗೇಟಿನ ಶಬ್ದ. ಫೈಝಲ್. ಹೇಳದೆ ಕೇಳದೆ ಕಾಟಿಪಳ್ಳದಿಂದ ಬಂದಿದ್ದಾನೆ.

"ಮನೆಯಲ್ಲಿ ಕೂತು ಕೂತು ಬೊಡಿಯಿತು, ಸಾಕಾಯಿತು. ಆಂಟಿ, ಗೋಳಿಬಜೆ ಉಂಟಾ?"

ಅಮ್ಮ ಇದಕ್ಕೇ ಕಾದವಳ ಹಾಗೆ ಬಾಣಲೆ ಇಟ್ಟಳು. ಫೈಝಲ್ ಅವನಷ್ಟಕ್ಕೆ ಕುರ್ಚಿ ತಂದ, ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿದ, ಶೆರ್ವಿನ್‌ಗೆ ಕಾಲ್ ಹಾಕಿದ. ಶೆರ್ವಿನ್ ಆಗ ಎದ್ದದ್ದಷ್ಟೆ. ಹಲ್ಲುಜ್ಜುತ್ತಾ ಬಂದ.

"ಆಟ ಇಲ್ಲ ಮಾರಾಯ, ಹೆದರಬೇಡ," ಎಂದ ಫೈಝಲ್. "ಬರೀ ಪಂಚಾಯಿತಿಕೆ."

ಅಭಿರಾಮನೂ ಇಳಿದು ಬಂದು ಮೂಲೆಯಲ್ಲಿ ಕೂತ. ಫೈಝಲನ ಅಂಗಡಿಗೆ ಒಬ್ಬರು ಟಿವಿಯ ರಿಮೋಟು ತಂದು ಇದಕ್ಕೆ ಸಿಮ್ ಹಾಕಿ ಕೊಡಿ ಎಂದರಂತೆ. ಶೆರ್ವಿನ್‌ನ ರೂಮಿನಲ್ಲಿ ಒಬ್ಬನ ಗೊರಕೆ ಎಷ್ಟೆಂದರೆ, ಇವನು ನೈಟ್ ಡ್ಯೂಟಿಯನ್ನು ಕೇಳಿ ತೆಗೆದುಕೊಂಡದ್ದು. ಕೇಳಿ ತೆಗೆದುಕೊಂಡದ್ದು! ನಮಗೆ ಈ ತನಕ ಹೇಳಿರಲಿಲ್ಲ. ಅಮ್ಮ ಗೋಳಿಬಜೆಯನ್ನು ಫೋನಿನ ಮೂತಿಗೆ ಹಿಡಿದು, "ಪರಿಮಳ ಬರ್ತದಾ ಶೆರ್ವಿನ್?" ಎಂದಳು. "ಹೊಟ್ಟೆ ಉರಿಸಬೇಡಿ ಆಂಟಿ," ಎಂದು ನಕ್ಕ. ಶಾರ್ಜಾಕ್ಕೆ ಹೋದ ಮೇಲೆ ಅವನು ಹೀಗೆ ನಕ್ಕದ್ದು ಇದೇ ಮೊದಲು.

ಯಾವ ಪ್ಲಾಟ್‌ಫಾರ್ಮಿನದ್ದೂ ತಪ್ಪಲ್ಲ. ಆರಕ್ಕೆ ಲಾಗಿನ್ ಎಂದು ಈ ಒಂದೂವರೆ ಗಂಟೆಯನ್ನು ಕತ್ತರಿಸಿ ಬಿಸಾಡಿದವಳು ನಾನು. ದಂಡ ದಂಡ ಎಂದು ಬೈದದ್ದು ಇದನ್ನೇ.

ಆರಾಗುತ್ತಾ ಬಂದಾಗ ಶೆರ್ವಿನ್ ಶೂ ಹಾಕುತ್ತಾ ಕೇಳಿದ. "ಬಸ್ತ್ಯಾಂವ್ ಎಂತಾದ? ಮುಳುಗಿದನಾ?"

"ಇಲ್ಲ. ಹಗ್ಗ ಹಿಡಿದುಕೊಂಡಿದ್ದಾನೆ."

"ಇನ್ನೂವಾ? ಕೈ ನೋಯುವುದಿಲ್ವಾ ಪಾಪ," ಎಂದ. ವ್ಯಾನಿನ ಹಾರನ್ ಕೇಳಿಸಿತು.

30 ನವೆಂಬರ್, ಆದಿತ್ಯವಾರ

ಇವತ್ತೂ ಬರೀ ಪಂಚಾಯಿತಿಕೆ. ಎಲ್ಲ ಹೋದ ಮೇಲೆ ಅಭಿರಾಮ ಅಡುಗೆಮನೆ ಬಾಗಿಲಲ್ಲಿ ನಿಂತ. ನಾನು ಪಾತ್ರೆ ತೊಳೆಯುತ್ತಿದ್ದೆ.

"ಅಕ್ಕ, ರಾಹುಕಾಲದಲ್ಲಿ ಪ್ರಯಾಣ ಹೊರಡಲೇಬೇಕು ಅಂತಾದರೆ ಜನ ಎಂತ ಮಾಡ್ತಾರೆ?"

"ಮೊದಲೇ ಒಂದು ಚೀಲ ತಂದು ಹೊರಗಿಡ್ತಾರೆ. ಹೊರಟ ಲೆಕ್ಕ."

"ಹಾಂ. ಶುರು ಮಾಡಬಾರದು, ಶುರುವಾದದ್ದು ನಡೆಯಬಹುದು. ನಾಲ್ಕೂವರೆಗೆ ಮೊದಲು ಒಂದು ದಾಳ ಬಿದ್ದರೆ ಸಾಕು. ಶೆರ್ವಿನ್‌ಗೆ ಅಲಾರಂ ಸ್ವಲ್ಪ ಬೇಗ ಇಡಲಿಕ್ಕೆ ಹೇಳು."

ಕೈಯಲ್ಲಿ ಸೋಪಿನ ನೊರೆ, ಹಾಗೆಯೇ ನಿಂತೆ. "ಇದನ್ನು ಆವತ್ತೇ ಹೇಳಲಿಕ್ಕೆ ನಿನಗೆ ಎಂತಾಗಿತ್ತು?"

"ನೀನು ಕೇಳಲಿಲ್ಲ. ಬೈದೆ."

ಅದೂ ಹೌದು. ಪಂಚಾಂಗದ ವಿಷಯ ತಪ್ಪಾಯಿತು ಎಂದೆ. "ಆಯ್ತು ಬಿಡು, ಅದು ಹೇಗೂ ಹಳೇ ವರ್ಷದ್ದು," ಎಂದ. ಒಂದು ಷರತ್ತು ಹಾಕಿದ — ಬಟನಿನ ದಾಳ ಆಗಲಿಕ್ಕಿಲ್ಲ, ಕೈಯಿಂದ ಬೀಳಬೇಕು. ನಾನೂ ಒಂದು ಹಾಕಿದೆ — ಆಡುತ್ತಾ ತಿನ್ನುವುದು, ತಿನ್ನುತ್ತಾ ಮಾತಾಡುವುದು, ಯಾರೂ ಗಡಿಬಿಡಿ ಮಾಡುವ ಹಾಗಿಲ್ಲ. ಅವನು ನನ್ನನ್ನೇ ನೋಡಿದ. ಗಡಿಬಿಡಿ ಮಾಡುತ್ತಿದ್ದದ್ದು ಯಾರೆಂದು ಇಬ್ಬರಿಗೂ ಗೊತ್ತುಂಟು.

4 ಡಿಸೆಂಬರ್, ಗುರುವಾರ

ಶೆರ್ವಿನ್‌ಗೆ ಹೇಳಿದೆ. ಅವನ ನೀಲಿ ದಾಳ, ಇಪ್ಪತ್ತು ಮುಖದ್ದು, ಪರ್ಸಿನಲ್ಲೇ ಉಂಟಂತೆ. "ಬಿಡ್ತೇನೆ ಅಂದವನು ಅದನ್ನು ಯಾಕೆ ಇಟ್ಟುಕೊಂಡದ್ದು?" ಎಂದೆ. ದಾಳ ಹಾಕಲಿಕ್ಕೆ ಗೊರಕೆಯವನ ಸ್ಟೀಲ್ ತಟ್ಟೆ ಕೇಳಿ ಇಡ್ತೇನೆ ಎಂದ.

ಹದಿನಾಲ್ಕು ಅಥವಾ ಮೇಲೆ ಬಿದ್ದರೆ ಬಸ್ತ್ಯಾಂವ್ ಹಗ್ಗ ಹತ್ತುತ್ತಾನೆ. ಕಡಿಮೆ ಬಿದ್ದರೆ ಸಮುದ್ರ. ಹತ್ತು ಮಾಡು, ಯಾರಿಗೆ ಗೊತ್ತಾಗ್ತದೆ ಎಂದ ಫೈಝಲ್. ಎರಡು ದಿನದಿಂದ ಅದೇ ಯೋಚನೆ. ಇಲ್ಲ. ಮೋಸದ ದಾಳ ಎಂದು ಗೊತ್ತಾದರೆ ಶೆರ್ವಿನ್ ನಿಜವಾಗಿಯೂ ಹೋಗ್ತಾನೆ. ಹೆದರಿಕೆ ಉಂಟು. ಆದರೂ ಹದಿನಾಲ್ಕೇ.

7 ಡಿಸೆಂಬರ್, ಆದಿತ್ಯವಾರ

4.10 — ಕುರ್ಚಿ, ಭರಣಿ, ಫೋನ್, ಹರಿವಾಣ. ಅಮ್ಮನ ಹಿಟ್ಟು ಕಲಸಿ ಆಗಿದೆ. ಫೈಝಲ್ ಒಂದು ಬಸ್ಸು ಮುಂಚೆಯೇ ಬಂದ. ಶೆರ್ವಿನ್ ಇನ್ನೂ ಎತ್ತಲಿಲ್ಲ. ಅಭಿರಾಮ ಗಡಿಯಾರ ನೋಡ್ತಾನೆ, ನೋಡದವನ ಹಾಗೆ ಮಾಡ್ತಾನೆ.

4.22 — ಎತ್ತಿದ. ತಲೆಕೂದಲು ಗುಬ್ಬಿಗೂಡು. "ಹಾಕ್ಲಾ?" ಹಾಕು ಎಂದೆವು ಮೂವರೂ.

4.40 — ಸರದಿಯ ನಡುವೆ ಬರೆಯುತ್ತಿದ್ದೇನೆ. ಶೆರ್ವಿನ್‌ನ ದಾಳ ತಟ್ಟೆಯಲ್ಲಿ ಬಹಳ ಹೊತ್ತು ತಿರುಗಿತು. ಅಷ್ಟು ದೂರದ ಶಬ್ದ ಇಲ್ಲಿ ಜಗಲಿಯಲ್ಲಿ ಕೇಳಿಸಿತು. ಬಿದ್ದದ್ದು ಒಂಬತ್ತು. ತಟ್ಟೆಯನ್ನೇ ಎತ್ತಿ ಕ್ಯಾಮೆರಾಕ್ಕೆ ತೋರಿಸಿದ, ಮುಚ್ಚಿಡಲಿಲ್ಲ. "ಮುಗಿಯಿತಲ್ಲ. ನಾನು ಹೇಳಿದ್ದೆ," ಎಂದ. ಹಗ್ಗ ಜಾರಿತು ಎಂದು ನಾನು ಹೇಳಬೇಕು. ಹೇಳಿದೆ.

ಆಮೇಲೆ ಅಭಿರಾಮ ಕೈಯ ಎಣ್ಣೆಯನ್ನು ಉಟ್ಟ ಮುಂಡಿಗೆ ಒರೆಸಿಕೊಂಡ. "ನಾನು ಹಾರ್ತೇನೆ," ಎಂದ.

"ಕಳ್ಳನಿಗೆ ಈಜು ಬರುವುದಿಲ್ಲ," ಎಂದೆ.

"ಗೊತ್ತುಂಟು."

"ಹಾಗಾದರೆ ನಾನೂ," ಎಂದ ಫೈಝಲ್, ಬಾಯಲ್ಲಿ ಗೋಳಿಬಜೆ. "ಇಬ್ಬರನ್ನೂ ಎತ್ತಲಿಕ್ಕೆ ಯಾರಾದರೂ ಬೇಕಲ್ಲ."

ಶೆರ್ವಿನ್ ಫೋನಿಗೆ ಹತ್ತಿರ ಬಂದ. ಹಣೆ ಮಾತ್ರ ಕಾಣುತ್ತಿತ್ತು. "ಏ ಭಟ್ರೇ, ರಾಹುಕಾಲ ಅಲ್ವಾ," ಎಂದ. ಅಭಿರಾಮ ಅಷ್ಟರಲ್ಲಿ ದಾಳ ಕೈಗೆ ತೆಗೆದುಕೊಂಡಾಗಿತ್ತು. "ಶುರು ನೀನೇ ಮಾಡಿದ್ದು ಮಾರಾಯ. ಈಗ ನಿಲ್ಲಿಸುವ ಹಾಗಿಲ್ಲ."

ಹಾಕಿದ. ಹರಿವಾಣದಲ್ಲಿ ಟಣ್ ಟಣ್. ಅಮ್ಮನೂ ಜಾಲರಿ ಸಟ್ಟುಗ ಹಿಡಿದು ಬಗ್ಗಿ ನೋಡುತ್ತಿದ್ದಾಳೆ. ಬರೆಯುವುದು ಬಿಡು ಸ್ಮೃತಿ, ನನಗೆ ಇಲ್ಲಿಂದ ಕಾಣ್ತದೆ ಎನ್ನುತ್ತಿದ್ದಾನೆ ಶೆರ್ವಿನ್. ಇನ್ನೂ ತಿರುಗುತ್ತಾ ಉಂಟು. ನಿಂತ ಮೇಲೆ ಬರೆಯುತ್ತೇನೆ.