ಸಿಸೆಲ್ ಇಲ್ಲದ ಮೊದಲ ಬೆಣ್ಣೆ

೨ ನವೆಂಬರ್ ೧೯೦೮, ಸೋಮವಾರ

ಇವತ್ತಿನ ಬೆಣ್ಣೆ ಕೆಟ್ಟಿತು. ಬೆಣ್ಣೆ ಕಟ್ಟಿದಾಗ ಕಡೆಯುವ ಪೀಪಾಯಿಯ ಸದ್ದು ಬದಲಾದದ್ದು ನನಗೆ ಕೇಳಿಸಲೇ ಇಲ್ಲ; ಅತಿಯಾಗಿ ಕಡೆದುಬಿಟ್ಟೆ. ಈ ಡೈರಿಯಲ್ಲಿ ಇಷ್ಟು ದಿನ ನನ್ನ ಜೊತೆ ದುಡಿದ ಸಿಸೆಲ್ ಇದ್ದಿದ್ದರೆ ಬಾಗಿಲ ಆಚೆಯಿಂದಲೇ "ನಿಲ್ಸೋ, ಬೆಣ್ಣೆ ಬಂತು!" ಎಂದು ಕೂಗುತ್ತಿದ್ದಳು.

ಅವಳನ್ನು ಕಳಿಸಿದವನು ನಾನೇ. ಡೆನ್ಮಾರ್ಕಿನ ಇನ್ನೊಂದು ತುದಿಯ ಉತ್ತರ ಯೂಟ್ಲೆಂಡಿನ ಹೊಸ ಸಹಕಾರಿ ಡೈರಿಗೆ ಮುಖ್ಯಸ್ಥರು ಬೇಕೆಂದಾಗ ನಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು ಅವಳ ಹೆಸರು ಹೇಳಿದೆ. "ಹೆಂಗಸಾ? ತಲೆ ಕೆಟ್ಟಿದೆಯೇನೋ ನಿಂಗೆ?" ಎಂದರು ಅಧ್ಯಕ್ಷ ಯೆಪ್ಪೆ. ಯೋಗ್ಯತೆಗೆ ತಕ್ಕ ಜಾಗ ಕೊಡದ ಸಹಕಾರ ಎಂಥ ಸಹಕಾರ ಎಂದು ಮೇಜು ಗುದ್ದಿದೆ. ಗೆದ್ದೆ. ಅವಳನ್ನು ಮಾತ್ರ ಒಂದು ಮಾತೂ ಕೇಳಿರಲಿಲ್ಲ.

ನಿನ್ನೆ ಆಳುಗಳೆಲ್ಲ ಕೆಲಸ ಬದಲಿಸುವ ದಿನ. ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತ ಅವಳು ನಕ್ಕಳು: "ನಿನ್ನ ಸಹಕಾರದ ಕರಪತ್ರ ಇನ್ಮೇಲೆ ಯಾರಿಗೆ ಓದ್ತೀಯೋ ಮಾರಾಯ? ಪೀಪಾಯಿಗಾ?"

ನಾನೂ ನಕ್ಕೆ. ಈ ಊರಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೇಳಿದವಳು ಅವಳೊಬ್ಬಳೇ.

ಸರಿಯಾದವಳನ್ನು ಸರಿಯಾದ ಜಾಗಕ್ಕೇ ಕಳಿಸಿದ್ದೇನೆ. ಇನ್ನೊಮ್ಮೆ ಕೇಳಿದರೂ ಅದೇ ಹೆಸರು ಹೇಳುತ್ತೇನೆ. ಇವತ್ತು ಪೀಪಾಯಿ ತಿರುಗುತ್ತಿದ್ದಾಗ ಹೊಸ ಕರಪತ್ರ ತೆಗೆದು ಗಟ್ಟಿಯಾಗಿ ಎರಡು ಪುಟ ಓದಿದೆ. ಬೆಣ್ಣೆ ಕೆಟ್ಟದ್ದು ಆಗಲೇ. ಮೂರನೆಯ ಪುಟದಲ್ಲಿ ಅವಳು ಖಂಡಿತ ಜಗಳ ತೆಗೆಯುವಂಥ ಸಾಲೊಂದಿದೆ, ಅದನ್ನು ಪೀಪಾಯಿಗೆ ಓದಲು ಮನಸ್ಸಾಗಲಿಲ್ಲ.