ನೀವು ಬರೆಯದೆ ಬಿಟ್ಟ ‘ಝ’

ಮಾವಾರೇ,

ಕ್ಷೇಮ ಕೇಳುವುದಿಲ್ಲ. ಬದುಕಿದ್ದಾಗ ಕೇಳಿದರೂ “ಹೂಂ, ಅದೀನಿ” ಅನ್ನುವುದರ ಆಚೆ ನೀವು ಬಾಯಿ ಬಿಟ್ಟವರಲ್ಲ. ಇವತ್ತು ಬರೆಯಲು ಕೂತದ್ದು ಒಂದು ಸುದ್ದಿ ಹೇಳಬೇಕು ಅಂತ. ಕೂತ ಮೇಲೆ ಎರಡು ಸಲ ಎದ್ದು ಹೋಗಿ ಬಂದೆ. ಒಮ್ಮೆ ಹಾಲು ಉಕ್ಕಿತೇನೋ ಅಂತ, ಇನ್ನೊಮ್ಮೆ ಕಂಪ್ಯೂಟರ್ ಬಂದ್ ಆಯಿತೇನೋ ಅಂತ. ಹಾಲೂ ಉಕ್ಕಿರಲಿಲ್ಲ, ಅದೂ ಬಂದ್ ಆಗಿರಲಿಲ್ಲ. ಹೌದು, ಅದೇ ಕಂಪ್ಯೂಟರ್. ನಿಮ್ಮ ಸೊಸೆಯಾಗಿ ಗಂಗಾವತಿಗೆ ಬಂದ ಮೇಲೆ ನಾನು ಹಟ ಮಾಡಿ ಪಡಸಾಲೆಯ ಮೂಲೆಗೆ ತರಿಸಿದ್ದು, ನೀವು ‘ಡಬ್ಬಿ’ ಅನ್ನುತ್ತಿದ್ದದ್ದು.

ಅದರ ಜೊತೆ ಸ್ಟಿಕರ್ ಕತ್ತರಿಸುವ ಮಷಿನ್ ಬಂದ ದಿನ ನೆನಪಿದೆಯೇ? ಆಗ ಊರಿಗೆಲ್ಲ ನೀವು ಪೇಂಟರ್ ಮಾವ. ಟ್ರ್ಯಾಕ್ಟರ್, ಲಾರಿ, ಅಕ್ಕಿ ಗಿರಣಿಯ ಬೋರ್ಡು, ಹುಲಿಗಿಗೆ ಓಡುವ ಟಂಟಂ ಆಟೋ, ಎಲ್ಲದರ ಮೇಲೂ ನಿಮ್ಮದೇ ಅಕ್ಷರ. ಆದರೆ ಜನ ಬ್ರಷ್ಷಿನ ಕೆಲಸ ಬಿಟ್ಟು ರೇಡಿಯಂ ಸ್ಟಿಕರ್ ಕೇಳತೊಡಗಿದ್ದರು. ಮಷಿನ್ನಿನ ಬ್ಲೇಡು ಸರಸರ ಓಡಾಡಿ ಒಂದು ‘ಶ್ರೀ’ ಕತ್ತರಿಸಿ ಕೊಟ್ಟಿತು. ನೀವು ಅದನ್ನು ಬೆಳಕಿಗೆ ಹಿಡಿದು ನೋಡಿ, “ಈ ಅಕ್ಷರಕ್ಕ ಮಾರಿ ಮೂತೀನ ಇಲ್ಲಲ್ಲ” ಅಂದಿರಿ. ಮೂರು ದಿನ ನನ್ನ ಜೊತೆ ಮಾತು ಬಿಟ್ಟಿರಿ. ನಾಲ್ಕನೆಯ ದಿನ ಒಂದು ಕಟ್ಟು ಡ್ರಾಯಿಂಗ್ ಶೀಟ್ ತಂದು ನನ್ನ ಮುಂದೆ ಒಗೆದಿರಿ. “ತಗೋ, ನಿನ್ನ ಡಬ್ಬಿಗೆ ತಿನ್ನಸು.”

ಎಂಥ ಅಕ್ಷರಗಳವು! ಒಂದೊಂದು ಶೀಟಿಗೆ ಒಂದೊಂದು, ತಲೆಕಟ್ಟು ಮಾತ್ರ ತಲೆಗೆ ಸುತ್ತಿದ ಪಟಗದ ಚುಂಗಿನ ಹಾಗೆ ಮೇಲಕ್ಕೆ ಚಿಮ್ಮಿದ್ದು. ಅವನ್ನೆಲ್ಲ ಸ್ಕ್ಯಾನ್ ಮಾಡಿ, ಮೌಸಿನಿಂದ ಅಂಚು ತಿದ್ದಿ ಕಂಪ್ಯೂಟರಿನೊಳಗೆ ಕೂರಿಸುವಷ್ಟರಲ್ಲಿ ನನ್ನ ಮಣಿಕಟ್ಟು ಬಿದ್ದುಹೋಗಿತ್ತು. ಕಡೆಗೆ ಎಣಿಸಿದರೆ ಒಂದು ಕಡಿಮೆ.

“‘ಝ’ ಎಲ್ಲಿ ಐತ್ರಿ ಮಾವಾರ?”

“ಯಾ ಟ್ರ್ಯಾಕ್ಟರಿಗಿ ಬೇಕವ್ವಾ ಅದು? ಇಷ್ಟು ವರ್ಷದಾಗ ಒಬ್ಬನೂ ಕೇಳಿಲ್ಲ. ಬೇಕಾದಾಗ ಬರದು ಕೊಡ್ತೀನಿ.”

“ಹಂಗಾರ ನಾನ ಬರಕೊಂತೀನಿ ಬಿಡ್ರಿ.”

ಆಗ ನೀವು ನಕ್ಕಿರಿ. “ನಿನ್ನ ಕೈಗೆ ಬರಂಗಿಲ್ಲ. ನೀ ಮಷಿನ್ ಮಂದಿ.”

ತಮಾಷೆಗೆ ಅಂದಿರಿ, ಗೊತ್ತು. ಆದರೂ ಮಾವಾರೇ, ಆ ಮಾತು ಇವತ್ತಿಗೂ ಚುಚ್ಚುತ್ತದೆ. ಉತ್ತರ ಕೊಡಬೇಕು ಅಂತ ಕಾಯುತ್ತಿದ್ದೆ. ನೀವು ಹೇಳಿದ ಆ ‘ಬೇಕಾದಾಗ’ ಬರುವ ಮೊದಲೇ ನೀವು…

ನೀವು ತೀರಿಹೋದ ವರ್ಷದ ದೀಪಾವಳಿಯಲ್ಲಿ ಇನ್ನೊಂದು ಅನಾಹುತ ಆಯಿತು. ಅತ್ತೆ ಅಡುಗೆಮನೆ ಸಾರಿಸಿ ಒರೆಸಿ, ಹಿತ್ತಾಳೆ ಪಾತ್ರೆಗಳ ಕೆಳಗೆ ಹಾಸಲು ನಿಮ್ಮ ಶೀಟುಗಳನ್ನು ತೆಗೆದುಕೊಂಡುಬಿಟ್ಟರು. ‘ಕ’ದ ಮೇಲೆ ಎಣ್ಣೆ, ‘ಳ’ದ ಮೇಲೆ ಅರಿಷಿಣ. ನಾನು ಕೂಗಾಡಿದರೆ ಅವರು, “ಅಕ್ಷರೆಲ್ಲಾ ಕಂಪ್ಯೂಟರ್‌ನ್ಯಾಗ ಹೋಗ್ಯಾವು ಅಂದೆಲ್ಲ, ಮತ್ಯಾಕ ಹಾಳಿ?” ಅಂದರು. ಏನು ಹೇಳಲಿ? ಹಾಳೆಯಲ್ಲಿ ಇದ್ದದ್ದು ಎದ್ದು ಡಬ್ಬಿಯೊಳಗೆ ಹೋಗಿ ಕೂತಿದೆ, ಹಾಳೆ ಖಾಲಿ ಅಂತಲೇ ಅವರ ಲೆಕ್ಕ. ಹಾಗಾಗಿ ಈಗ ನಿಮ್ಮ ಅಕ್ಷರ ಇರುವುದು ಆ ಒಂದೇ ಕಡೆ.

ಹೋದ ವರ್ಷ ನಿಮ್ಮ ಮಗ ಹೊಸ ಲ್ಯಾಪ್‌ಟಾಪ್ ತಂದಾಗ ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಖುಷಿ ಒಂದು ಗಂಟೆ ಉಳಿಯಲಿಲ್ಲ. ಸ್ಟಿಕರ್ ಮಷಿನ್ನಿನ ಅಗಲ ಪಿನ್ನಿಗೆ ಅದರಲ್ಲಿ ತೂತೇ ಇಲ್ಲ. ನಿಮ್ಮ ಅಕ್ಷರಗಳ ಫೈಲು ಹೇಗೋ ತೆರೆದರೆ ತಲೆಕಟ್ಟೆಲ್ಲ ಹಾರಿಹೋಗಿ ಅಕ್ಷರಗಳು ಬೋಳುತಲೆಯಲ್ಲಿ ನಿಂತಿದ್ದವು. ಒತ್ತಕ್ಷರಗಳು ಎಲ್ಲೋ ಮೂಲೆಯಲ್ಲಿ ಗುಡ್ಡೆ ಬಿದ್ದಿದ್ದವು. ರಿಪೇರಿಯವನನ್ನು ಕರೆಸಿದೆ. “ಅಕ್ಕಾರ, ಈ ಸಾಫ್ಟ್‌ವೇರ್ ಮಾಡಿದವ್ರ ಇದನ್ನ ಬಿಟ್ಟಾರ್ರಿ, ಹೊಸಾದ್ರಾಗ ನಡಿಯಂಗಿಲ್ಲ. ರೆಡಿ ಅಕ್ಷರ ಹಾಕ್ಕೊಳ್ರಿ, ಯಾರು ನೋಡ್ತಾರ?” ಅಂದ. ಯಾರು ನೋಡುತ್ತಾರಂತೆ! ನಿಮ್ಮ ಮಗ ಅಷ್ಟಕ್ಕೇ, “ಹಳೇದನ್ನ ಗುಜರಿಗಿ ಹಾಕೂಣು” ಅಂದರು. “ಹಾಕಿ ನೋಡ್ರಿ, ಅದರ ಹಿಂದ ನಾನೂ ಹೊಕ್ಕೀನಿ” ಅಂದೆ. ಆಮೇಲೆ ಅವರು ಆ ಮಾತು ಎತ್ತಿಲ್ಲ.

ಆದರೆ ನನಗೆ ನೆಮ್ಮದಿ ಎಲ್ಲಿದೆ? ದಿನಾ ಬೆಳಿಗ್ಗೆ ಅದು ಚಾಲೂ ಆಗುವವರೆಗೆ ಚಹಾ ಗಂಟಲಲ್ಲಿ ಇಳಿಯುವುದಿಲ್ಲ. ಒಳಗಿನ ಸಣ್ಣ ಸೆಲ್ ಸತ್ತು ತಾರೀಖು ಮರೆಯುತ್ತದೆ, ದಿನಾ ಹೇಳಿಕೊಡಬೇಕು. ಫ್ಯಾನು ಗೊರಗೊರ ಅಂದರೆ ಎದ್ದು ಹೋಗಿ ಮೈ ಮುಟ್ಟಿ ನೋಡುತ್ತೇನೆ, ಜ್ವರ ಬಂದ ಮಗುವನ್ನು ನೋಡಿದಂತೆ. ಅದು ನಿಂತ ದಿನ ನಿಮ್ಮ ಕೈಬರಹವೂ ಹೋಯಿತು. ಇದೇ ನನ್ನ ಹೆದರಿಕೆ, ಬೇರೇನಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಕಾರಟಗಿ ಕಡೆಯ ಆಂಧ್ರ ರೈತರ ಕ್ಯಾಂಪಿನಿಂದ ರಾಮರಾವ್ ಬಂದಿದ್ದರು. ನಿಮ್ಮ ಹಳೆಯ ಗಿರಾಕಿ. ಭತ್ತ ಕೊಯ್ಯುವ ಹೊಸ ಮಷಿನ್ ತಂದಿದ್ದಾರಂತೆ. “ಪೇಂಟರ್‌ಗಾರಿ ಅಕ್ಷರಾನೇ ಬೇಕಮ್ಮಾ. ನಮ್ಮ ಮೂರು ಗಾಡಿಗೂ ಅವರದೇ ಕೈ ಕದಾ. ನಾಳೆ ಮಧ್ಯಾಹ್ನ ಗದ್ದೆಗೆ ಇಳೀತದೆ, ಅಷ್ಟರಲ್ಲಿ ಆಗಬೇಕು” ಅಂದರು. ಏನು ಹೆಸರು ಅಂತ ಕೇಳಿದೆ. ಮೊಮ್ಮಗಳ ಹೆಸರು, ಝಾನ್ಸಿ.

“‘ಜ’ ಹಾಕಿದ್ರ ನಡೀತೈತೇನ್ರಿ?” ಅಂತ ಮೆಲ್ಲಗೆ ಕೇಳಿದೆ.

“ಅಯ್ಯೋ, ಎರಡನೇ ಕ್ಲಾಸಮ್ಮಾ ಅವಳು! ತಪ್ಪು ಕಂಡ್ರೆ ನನ್ನನ್ನ ಬಿಡ್ತಾಳಾ?”

ಆ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಕೂತು ನಿಮ್ಮ ‘ರ’ ತೆಗೆದುಕೊಂಡೆ, ‘ಮ’ದ ಬಾಲ ಕತ್ತರಿಸಿ ಅದಕ್ಕೆ ಅಂಟಿಸಿದೆ, ‘ಧ’ದ ಹೊಟ್ಟೆಯ ಸೀಳು ತಂದು ಕೆಳಗೆ ಇಟ್ಟೆ. ತೇಪೆ ಹಾಕಿದ ಚಾದರದ ಹಾಗೆ ಕಂಡಿತು. ತಿದ್ದಲು ಹೋದರೆ ಪರದೆ ಗಪ್ಪನೆ ನಿಂತುಬಿಟ್ಟಿತು. ಮೌಸೂ ನಡೆಯಲಿಲ್ಲ, ಕೀಬೋರ್ಡೂ ನಡೆಯಲಿಲ್ಲ. ಹಿಂದಿನಿಂದ ನಿಮ್ಮ ಮಗ, “ನಾ ಹೇಳಿದ್ನಿಲ್ಲ?” ಅಂದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಗೊತ್ತೇ? ನಿಮ್ಮ ಮೇಲೆ. ಒಂದು ಅಕ್ಷರ ಬರೆದಿಟ್ಟು ಹೋಗಲು ಏನಾಗಿತ್ತು ನಿಮಗೆ?

ಸಿಟ್ಟಿನಲ್ಲೇ ನಿಮ್ಮ ಬ್ರಷ್ಷಿನ ಪೆಟ್ಟಿಗೆ ತೆಗೆದೆ. ಹಿತ್ತಲ ಬಾಗಿಲಲ್ಲಿ ಕೂತು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಬರೆಯತೊಡಗಿದೆ. ಒಂದೂ ಸರಿ ಬರಲಿಲ್ಲ. ಸೊಪ್ಪು ಸೋಸುತ್ತಾ ಕೂತಿದ್ದ ಅತ್ತೆ ಎಷ್ಟೋ ಹೊತ್ತು ನೋಡಿದರು. ಕಡೆಗೆ, “ಹಂಗಲ್ಲ ಅದು” ಅಂದರು.

“ಮತ್ತ ಹೆಂಗ್ರಿ?”

“ಅವ್ರು ಮೊದ್ಲ ತಲಿಕಟ್ಟು ಎಳಿತಿದ್ರು, ಆಮ್ಯಾಲ ಕೆಳಗ ಇಳಿತಿದ್ರು. ನೀ ಕೆಳಗ ಚಾಲೂ ಮಾಡಿ ಮ್ಯಾಲ ಹೊಂಟೀದಿ.”

ಓದು ಬಾರದ ಅತ್ತೆ, ಮಾವಾರೇ! ಬಣ್ಣ ಕಲಸಿ ಕೊಡುತ್ತಾ ಅಷ್ಟು ವರ್ಷ ನಿಮ್ಮ ಕೈಯನ್ನೇ ನೋಡಿದ್ದರು. ಎಲ್ಲಿ ಉಸಿರು ಹಿಡಿಯುತ್ತಿದ್ದಿರಿ, ಎಲ್ಲಿ ಬ್ರಷ್ ಒತ್ತುತ್ತಿದ್ದಿರಿ, ಎಲ್ಲ ಹೇಳಿದರು. ಮೊದಲು ತಲೆಕಟ್ಟು ಎಳೆದೆ. ಹೊತ್ತು ಇಳಿಯುವಷ್ಟರಲ್ಲಿ ‘ಝ’ ಬಂತು.

ಮರುದಿನ ಬೆಳಿಗ್ಗೆ ಡಬ್ಬಿ ಏನೂ ಆಗಿಲ್ಲದವರ ಹಾಗೆ ಚಾಲೂ ಆಯಿತು. ಸ್ಕ್ಯಾನರ್ ಹಳೆಯದು, ಇದರ ಜೊತೆ ಬಿಟ್ಟರೆ ಬೇರೆ ಯಾರ ಜೊತೆಗೂ ಹೊಂದುವುದಿಲ್ಲ. ನನ್ನ ‘ಝ’ವನ್ನು ಅದು ಮರುಮಾತಿಲ್ಲದೆ ಒಳಗೆ ತೆಗೆದುಕೊಂಡಿತು. ಕತ್ತರಿಸಿ, ಕ್ಯಾಂಪಿಗೆ ಹೋಗಿ ನಾನೇ ಅಂಟಿಸಿದೆ. ಝಾನ್ಸಿ ಬೆರಳಿಟ್ಟು ಒಂದೊಂದೇ ಅಕ್ಷರ ಓದಿ ಪಾಸು ಮಾಡಿದಳು. ರಾಮರಾವ್ ದೂರ ನಿಂತು ತಲೆದೂಗಿದರು. “ಈ ‘ಝ’ ನೋಡಮ್ಮಾ. ಪೇಂಟರ್‌ಗಾರಿ ಕೈ ಅಂದ್ರೆ ಇದು!”

ನಾನು ಸುಮ್ಮನಿದ್ದೆ. ಹೊಗಳಿಕೆ ನಿಮಗೇ ಹೋಗಲಿ ಎಂಬ ದೊಡ್ಡತನದಿಂದಲ್ಲ. ಬಾಯಿ ತೆರೆದಿದ್ದರೆ ಗದ್ದೆಯ ಬದುವಿನ ಮೇಲೆ ನಿಂತು ಅತ್ತುಬಿಡುತ್ತಿದ್ದೆ.

ಡಬ್ಬಿಯನ್ನು ಗುಜರಿಗೆ ಕೊಡುವುದಿಲ್ಲ, ಅದಾಗಿಯೇ ನಿಲ್ಲುವವರೆಗೆ. ಆದರೆ ಅದೊಂದನ್ನೇ ನಂಬಿ ಕೂರುವುದೂ ಇಲ್ಲ. ಈಗ ದಿನಾ ಮಧ್ಯಾಹ್ನ ಪರದೆಯ ಮೇಲೆ ನಿಮ್ಮ ಒಂದು ಅಕ್ಷರ ತೆರೆದಿಟ್ಟು, ಕೈಯಿಂದ ಶೀಟಿನ ಮೇಲೆ ಬರೆಯುತ್ತಿದ್ದೇನೆ. ಅತ್ತೆ ಪಕ್ಕದಲ್ಲಿ ಕೂತು ಬೈಯುತ್ತಾರೆ. ಬರೆದ ಶೀಟುಗಳನ್ನು ಮಾತ್ರ ಅವರ ಕೈಗೆ ಸಿಗದಂತೆ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತೇನೆ. ಇವತ್ತು ‘ಗ’ ಮುಗಿಯಿತು.

ಒಂದು ಮಾತು. ನೀವು ಕಣ್ಣು ಸಣ್ಣದು ಮಾಡಿ ನೋಡಿದರೆ ಹಿಡಿದುಬಿಡುತ್ತೀರಿ, ಅದಕ್ಕೇ ಮೊದಲೇ ಹೇಳುತ್ತೇನೆ. ಆ ‘ಝ’ದ ತಲೆಕಟ್ಟು ಒಂಚೂರು ಎಡಕ್ಕೆ ವಾಲಿದೆ. ಕಂಪ್ಯೂಟರಿನಲ್ಲಿ ಅದನ್ನು ನೆಟ್ಟಗೆ ಮಾಡುವುದು ನನಗೆ ಒಂದು ನಿಮಿಷದ ಕೆಲಸ. ಮಾಡುವುದಿಲ್ಲ. ಅದು ನನ್ನ ಕೈ, ಮಾವಾರೇ.

ನಿಮ್ಮ ಸೊಸೆ,
ಗಿರಿಜಾ