ಮಾತಿಲ್ಲದ ಪಾರ್ಟು

ಜನವರಿ 12, ಬೆಳಿಗ್ಗೆ

ಬೇವಿನ ಕಡ್ಡಿ ಜಗಿದು ಗಂಟಲು ಸಾಫ್ ಮಾಡಿಕೊಂಡೆ. ಹಿತ್ತಲಲ್ಲಿ ನಿಂತು ಒಂದು ಗರ್ಜನೆ. ಪಕ್ಕದ ಮನೆ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ದನಿ ಇನ್ನೂ ಇದೆ. ತಾವರಗೇರಾದ ನಾಟಕಗಳಲ್ಲಿ ಖಳನಾಯಕನ ಪಾರ್ಟು ಯಾವಾಗಲೂ ನನ್ನದೇ. ಈಗ ಅಣ್ಣನ ಮಗಳು ಶಿವಲೀಲಾ ನಾಟಕದ ಕೋರ್ಸ್ ಮುಗಿಸಿ ಬಂದಿದ್ದಾಳೆ. ಕೊಪ್ಪಳದಲ್ಲಿ ಅವಳ ಮೊದಲ ಶೋ. ಹೀರೋ ನಾನು. ಸಂತೆಯಲ್ಲಿ ಎಲ್ಲರಿಗೂ ಹೇಳಿಯಾಯಿತು.

ಜನವರಿ 13

ರಿಹರ್ಸಲ್. ಪರದೆ ಇಲ್ಲ, ಹಾರ್ಮೋನಿಯಂ ಇಲ್ಲ, ಬಣ್ಣ ಇಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ. ಕೇಳಿದರೆ ಪೋಸ್ಟ್‌ಮಾಡರ್ನ್ ಅಂತೆ.

"ನನ್ನ ಡೈಲಾಗ್ ಎಲ್ಲವ್ವಾ?"

"ಇಲ್ಲ ಕಾಕಾ. ನೀ ಸುಮ್ನ ಕುಂದ್ರೂದು. ನಾ ಮಗಳು. 'ಅಪ್ಪಾ, ನಾ ಹೋಗ್ಲೇನು?' ಅಂತ ಕೇಳ್ತೀನಿ. ನೀ ಉತ್ತರ ಕೊಡಂಗಿಲ್ಲ. ನಾ ಹೋಗ್ತೀನಿ. ಮುಗೀತು."

"ಒಂದು ಕೆಮ್ಮು?"

"ಅದೂ ಬ್ಯಾಡ. ಇದು ಮಿನಿಮಲಿಸಂ."

ಹುರಿ ಮೀಸೆಯಾದರೂ ಹಚ್ಚಿಕೊಳ್ಳಲಾ ಎಂದೆ. ಹಣೆ ಬಡಿದುಕೊಂಡಳು. ಆಮೇಲೆ ಮೆತ್ತಗೆ — "ಇದು ಕೆಟ್ಟರ ನನಗ ಮತ್ತ ಯಾರೂ ಸ್ಟೇಜ್ ಕೊಡೂದಿಲ್ಲ ಕಾಕಾ. ನೀ ಬಾಯಿ ತೆಗದಿ ಅಂದ್ರ ನನ್ನ ಕತಿ ಮುಗೀತು."

ಬಾಯಿ ಮುಚ್ಚುವುದೇನು ಮಹಾ.

ಜನವರಿ 17

ಬರೆಯಲು ಪುರುಸೊತ್ತಿಲ್ಲ, ಪ್ರಾಕ್ಟೀಸು. ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂಡುವುದು, ಯಾರು ಮಾತಾಡಿಸಿದರೂ ಸುಮ್ಮನಿರುವುದು. ಹೆಂಡತಿ ರೇಣುಕಾದೇವಿ ಸಮಯ ನೋಡಿ, ತವರಿಗೆ ಹೋಗಲಾ ಎಂದು ಕೇಳಿದಳು. ಸುಮ್ಮನಿದ್ದೆ. ಕುಷ್ಟಗಿ ಬಸ್ ಹತ್ತಿಯೇಬಿಟ್ಟಳು.

ಜನವರಿ 18, ಸಂಜೆ

ಆಯಿತು. ಊರಿನವರು ಟೆಂಪೋ ಮಾಡಿಕೊಂಡು ಬಂದಿದ್ದರು. ಮೊದಲ ಸಾಲಿನಲ್ಲೇ ಹನಮಪ್ಪ — ನಮ್ಮ ನಾಟಕಗಳಲ್ಲಿ ಪರದೆ ಹಿಂದೆ ಕೂತು, ಮರೆತ ಮಾತು ಪಿಸುಗುಟ್ಟಿ ಕೊಡುವವನು. ಇವತ್ತು ಬರೀ ನೋಡಲು ಬಂದವನು.

ಶಿವಲೀಲಾ ಕೇಳಿದಳು, "ಅಪ್ಪಾ, ನಾ ಹೋಗ್ಲೇನು?"

ನಾನು ಕೂತೇ ಇದ್ದೆ. ಮಾತು ಮರೆತೆನೆಂದು ತಿಳಿದ ಹನಮಪ್ಪನಿಗೆ ಜೀವ ತಡೆಯಲಿಲ್ಲ.

"'ಬ್ಯಾಡ ಮಗಳ' ಅನ್ನು," ಪಿಸುಗುಟ್ಟಿದ.

ಸುಮ್ಮನಿದ್ದೆ. ಈ ಸಲ ಹಿಂದಿನ ಸಾಲಿಗೂ ಕೇಳಿಸಿತು — "ಗಾಳೆಪ್ಪಾ, 'ನಿನ್ನ ಬಿಟ್ಟು ಹೆಂಗ ಇರಲಿ ಮಗಳ' ಅನ್ನೋ."

ಯಾರೂ ನಗಲಿಲ್ಲ. ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ಹನಮಪ್ಪ ಕೊಟ್ಟ ಮಾತನ್ನು ನಾನು ಒಮ್ಮೆಯೂ ಬಿಟ್ಟವನಲ್ಲ. ಹಲ್ಲಿನ ತನಕ ಬಂತು. ಶಿವಲೀಲಾಳ ಗಲ್ಲ ನಡುಗುತ್ತಿತ್ತು… ನುಂಗಿದೆ.

ಅವಳು ಹೋದಳು. ಕತ್ತಲೆಯಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಚಪ್ಪಾಳೆ.

ಜನವರಿ 19

ಗಂಗಾವತಿಯವರು ಶೋ ಕೇಳಿದ್ದಾರೆ. ಹನಮಪ್ಪನೂ ಬರಲೇಬೇಕಂತೆ, ಅವನದೂ ಪಾರ್ಟೇ ಎಂದುಕೊಂಡಿದ್ದಾರೆ. ಶಿವಲೀಲಾ ಒಪ್ಪಿಬಿಟ್ಟಳು. ಈಗ ಅವನು ಪೋಸ್ಟರಿನಲ್ಲಿ ತನ್ನ ಹೆಸರು ಮೇಲೆ ಬರಲಿ ಎನ್ನುತ್ತಾನೆ. ಹೀರೋ ನಾನು ಎಂದೆ. "ಹಂಗಾರ ನಿನ್ನ ಡೈಲಾಗ್ ಒಂದ್ ಹೇಳು, ಕೇಳೂಣು" ಎಂದ. ಎದ್ದು ನಿಂತೆ, ಎದೆ ಉಬ್ಬಿಸಿದೆ, ಒಂದು ಕೆಮ್ಮೂ ಇಲ್ಲದೆ ನನ್ನ ಡೈಲಾಗ್ ಪೂರ್ತಿ ಒಪ್ಪಿಸಿದೆ.